ಎಲ್ಲಿಂದ ಬಿದ್ದೆ?

ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ನಾಲ್ಕು ಜನರನ್ನು ಸೇರಿಸಿಕೊಂಡು, ನಮ್ಮ ಬಟ್ಟೆ ಅಂಗಡಿಯ ಯಜಮಾನರು ಸೀರೆ ಮಡಿಸುವಾಗ ತಮ್ಮ ಹೊಟ್ಟೆಯನ್ನು ಮೇಜಿನ ಮೇಲೆ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಮಾಡಿ ತೋರಿಸುತ್ತಿದ್ದೆ. ನನಗೆ ಹೊಟ್ಟೆಯೇ ಇಲ್ಲ. ಇದ್ದಿದ್ದರೆ ನನ್ನ ಕಲೆ ಇನ್ನೂ ಒಂದು ಮಟ್ಟ ಮೇಲಿರುತ್ತಿತ್ತು. ಅಷ್ಟರಲ್ಲಿ ಚಿನ್ನದ ಗಣಿಯ ಕಡೆಯಿಂದ ಬಂದ ರೈಲಿನಿಂದ ಇಳಿದವನೊಬ್ಬ, ಪಕ್ಕದಲ್ಲಿ ತನ್ನ ಮುದಿ ತಾಯಿಯನ್ನು ನಿಲ್ಲಿಸಿಕೊಂಡು, ‘ಇಲ್ಲಿ ಮೂಳೆ ಕಟ್ಟೋ ಅಜ್ಜಿ ಮನೆ ಎಲ್ಲೈತಣ್ಣ?’ ಎಂದು ಕೇಳಿದ. ತಾಯಿ ತನ್ನ ಬಲಗೈಯನ್ನು ಕೂಸಿನ ಹಾಗೆ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು.

ಯಜಮಾನರ ಹೊಟ್ಟೆ ನನ್ನ ಮೈಯಿಂದ ಜಾರಿಹೋಯಿತು.

ಆ ಅಜ್ಜಿ ಸತ್ತು ಎಷ್ಟೋ ವರ್ಷವಾಯಿತು. ಸುತ್ತಮುತ್ತಲಿನ ಮುರಿದ ಕೈಕಾಲುಗಳಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ. ಬೂದಿಕೋಟೆಯಿಂದ, ಕಾಮಸಮುದ್ರದಿಂದ, ಗಣಿಯ ಲೈನು ಮನೆಗಳಿಂದ ಯಾರಾದರೊಬ್ಬರು ಈಗಲೂ ಬಂದು ವಿಚಾರಿಸುತ್ತಾರೆ. ಈ ತಾಯಿ ಮಗನಿಗೆ ನಾನು ಏನು ಹೇಳಿದೆ ಎಂಬುದು ಆಮೇಲಿನ ಮಾತು. ಮೊದಲು ಅಜ್ಜಿ.

ಅವಳಿಗೂ ಒಂದು ಹೆಸರಿತ್ತು, ಆದರೆ ಕರೆಯುವವರಿಲ್ಲದೆ ಅದು ಹೊಸದಾಗಿಯೇ ಉಳಿದಿತ್ತು. ಊರಿಗೆಲ್ಲ ಅವಳು ಕಟ್ಟಜ್ಜಿ. ರೈಲ್ವೆ ಗೇಟಿನ ಆಚೆ, ನಮ್ಮ ಮನೆಯ ಎದುರಿಗೇ ಅವಳ ಮನೆ. ಗಂಡನ ಮನೆಯ ವಿದ್ಯೆಯನ್ನು ಗಂಡ ಕಲಿಯಲಿಲ್ಲ. ಅವನು ಚಾಂಪಿಯನ್ ರೀಫ್ಸಿನ ಗಣಿಗೆ ಇಳಿದ, ಅವನ ಹಿಂದೆ ಮಗನೂ ಇಳಿದ. ಮಾವನ ಕೈಯಿಂದ ವಿದ್ಯೆ ನೇರವಾಗಿ ಸೊಸೆಯ ಕೈಗೆ ಬಂತು. ಕೈ ಎಂದರೆ ಅದು ಕೈ! ಆಳು ಕುಳ್ಳು, ಮುಖ ಒಣಗಿದ ನುಗ್ಗೆಕಾಯಿ, ಆದರೆ ಹೆಬ್ಬೆರಳು ಮಾತ್ರ ಸೌಟಿನಷ್ಟು ಅಗಲ. ಊದಿಕೊಂಡ ಮೊಣಕೈಯ ಮೇಲೆ ಆ ಹೆಬ್ಬೆರಳನ್ನು ಒಮ್ಮೆ ಆಡಿಸಿದರೆ ಒಳಗೆ ಎಲ್ಲಿ ಬಿರುಕು, ಎಲ್ಲಿ ಜರುಗಿದೆ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಬಟ್ಟೆಯ ಪಟ್ಟಿಗೆ ಬಳಿದು ಸುತ್ತುತ್ತಿದ್ದಳು. ಅದರ ಮೇಲೆ ಬಿದಿರಿನ ದಬ್ಬೆ, ದಬ್ಬೆಯ ಮೇಲೆ ಮತ್ತೆ ಪಟ್ಟಿ. ಒಣಗಿದ ಮೇಲೆ ತಟ್ಟಿದರೆ ಟಣ್ ಅನ್ನಬೇಕು. ನಾನು ಕೆಲಸ ಮಾಡುವುದು ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ, ದಿನವೂ ರೈಲಿನಲ್ಲಿ ಹೋಗಿಬರುವವನು. ಕತ್ತರಿಸಿ ಉಳಿದ ತುಂಡುಗಳನ್ನು ಗಂಟು ಕಟ್ಟಿ ತಂದು ಅಜ್ಜಿಗೆ ಕೊಡುತ್ತಿದ್ದೆ. ಹೀಗಾಗಿ ಗಣಿಯ ಕೂಲಿಗಳು ಹೂವಿನ ಚೀಟಿ ಬಟ್ಟೆಯ ಕಟ್ಟು ಕಟ್ಟಿಸಿಕೊಂಡು ಮದುವಣಗಿತ್ತಿಯರ ಹಾಗೆ ತಿರುಗಿಹೋಗುತ್ತಿದ್ದರು.

ಯಾರೇ ಬರಲಿ, ಕೂರಿಸಿ ನೀರು ಕೊಡುವುದಕ್ಕೂ ಮೊದಲು ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ. ‘ಎಲ್ಲಿಂದ ಬಿದ್ದೆ?’

ಬಿದ್ದ ಎತ್ತರ, ಬಿದ್ದ ಬಗೆ ತಿಳಿಯದೆ ಅವಳು ಮುಟ್ಟುತ್ತಿರಲಿಲ್ಲ. ಸುಳ್ಳು ಹೇಳಿದರೆ ಮೂಳೆಯೇ ಸಾಕ್ಷಿ ಹೇಳುತ್ತಿತ್ತು. ಒಮ್ಮೆ ಗಣಿಯ ತಮಿಳು ಆಳೊಬ್ಬ, ಉಸಿರಿನ ತುಂಬ ಸಾರಾಯಿ, ‘ನಾನ್ ವಿಳವೇ ಇಲ್ಲೆ, ಪಾಟಿ. ಬೀಳಲೇ ಇಲ್ಲ ಅಜ್ಜಿ’ ಎಂದು ಆಣೆ ಇಟ್ಟ.

‘ನೀ ಎಲ್ ಬಿದ್ದೆ? ಬಾಟ್ಲಿ ಬಿತ್ತು. ಅದು ಒಂಟಿ ಓಯ್ತದಲ್ಲಾ ಅಂತ ನೀನು ಜತೇಗ್ ಓದೆ’ ಎಂದು ಅಜ್ಜಿ ಅವನ ಮಣಿಕಟ್ಟು ಎಳೆದೇಬಿಟ್ಟಳು.

ಇನ್ನೊಮ್ಮೆ ಗಂಡನ ಜೊತೆ ಬಂದ ಹುಡುಗಿಯೊಬ್ಬಳು ಬಾವಿಕಟ್ಟೆಯಿಂದ ಬಿದ್ದೆ ಎಂದು ತಲೆ ತಗ್ಗಿಸಿ ಹೇಳಿದಳು. ಅಜ್ಜಿ ಅವಳ ಮುಂಗೈ ಸವರಿದಳು. ಆಮೇಲೆ ಗಂಡನ ಮುಖವನ್ನು ಸಾವಕಾಶವಾಗಿ ನೋಡಿ, ‘ಆ ಬಾವೀಗೆ ಮೀಸೆ ಐತೇನಮ್ಮಿ?’ ಎಂದಳು. ಆ ಬಾವಿ ಜಗಲಿಯಿಂದ ಎದ್ದು ಬೀಡಿ ಸೇದುವ ನೆಪದಲ್ಲಿ ರೈಲ್ವೆ ಗೇಟಿನವರೆಗೂ ನಡೆದುಹೋಯಿತು.

ಬೈಗುಳವೇ ಅವಳ ಮತ್ತಿನ ಔಷಧ. ಮುರಿದವನ ಹೆತ್ತವರಿಂದ ಹಿಡಿದು ಹುಟ್ಟಬೇಕಾದ ಮಕ್ಕಳವರೆಗೆ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಅವನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಮೂಳೆ ತನ್ನ ಜಾಗಕ್ಕೆ ಕೂತಿರುತ್ತಿತ್ತು. ಕಟ್ಟು ಬಿಗಿದ ಮೇಲೆ ಆಜ್ಞೆ: ‘ಬಿಚ್ಚೋಗಂಟ ನೀನು ಕಲ್ಲು. ಕಲ್ಲು ಅಲ್ಲಾಡ್ತದಾ? ಅಲ್ಲಾಡಿದ್ರೆ ನನ್ನ ಮನೆ ಬಾಗ್ಲಿಗೆ ಬರ್ಬೇಡ.’ ಬಿಚ್ಚಿದ ದಿನ ಅದೇ ಬಾಯಿಗೆ ಬೇರೆ ಹಾಡು. ಗುಣವಾದವನು ಹೆದರಿ ಕೂತೇ ಇದ್ದರೆ ಬೀದಿಗೆಲ್ಲ ಕೇಳುವ ಹಾಗೆ ಗುಡುಗುತ್ತಿದ್ದಳು: ‘ಎದ್ ನಡೀಲಾ! ನಿನ್ ಮೂಳೆ ನಿಂದು, ನಂದಲ್ಲ. ನಾನೇನು ಒತ್ಕೊಂಡ್ ತಿರುಗ್ಲಾ?’

ನನ್ನ ಎಡಗೈಯನ್ನೂ ಅವಳೇ ಕಟ್ಟಿದ್ದು. ಟಿಕೆಟ್ ಪರೀಕ್ಷಕರು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿನಲ್ಲಿ ನಿಂತು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದನ್ನು ಗೆಳೆಯರಿಗೆ ತೋರಿಸಲು ಹೋಗಿ ಬಿದ್ದೆ.

‘ಎಲ್ಲಿಂದ ಬಿದ್ದೆ?’

‘ರೈಲಿಂದ ಅಜ್ಜಿ.’

‘ಓಡೋ ರೈಲಿಂದ್ಲಾ?’

ಹೆಬ್ಬೆರಳು ಮೊಣಕೈಯ ಮೇಲೆ ಆಡಿತು.

‘ನಿಂತಿದ್ ರೈಲು’ ಎಂದೆ.

ಅವಳು ಬಾಯಲ್ಲಿದ್ದ ಹೊಗೆಸೊಪ್ಪು ಉದುರುವ ಹಾಗೆ ನಕ್ಕಳು. ನಗುತ್ತಲೇ ಎಳೆದಳು. ನನಗೆ ಬೈಗುಳದ ಖರ್ಚೂ ಬೇಕಾಗಲಿಲ್ಲ, ನನ್ನ ಮರ್ಯಾದೆಯೇ ಸಾಕಾಯಿತು. ಈಗಲೂ ಆ ಕೈ ಟೀ ಜಗ್ಗಿನ ಹಿಡಿಯ ಹಾಗೆ ಸ್ವಲ್ಪ ಸೊಟ್ಟ. ಅಲ್ಲಾಡಬೇಡ ಎಂದಿದ್ದಳು, ನಾನು ಕಟ್ಟಿನಲ್ಲೇ ಊರನ್ನೆಲ್ಲ ಅಣಕಿಸುತ್ತ ತಿರುಗಿದ್ದೆ.

ಕಟ್ಟು ಬಿಚ್ಚಿದ ಮೇಲೆ ನಾನು ಮೊದಲು ಕಲಿತದ್ದೇ ಅವಳ ದನಿಯನ್ನು. ಸ್ಟೇಷನ್ನಿನ ಟೀ ಅಂಗಡಿಯ ಮುಂದೆ ಒಂದು ದಿನ ‘ನಿನ್ ಮೂಳೆ ನಿಂದು, ನಂದಲ್ಲ’ ಎಂದು ಗುಡುಗಿದಾಗ ಎದುರಿಗಿದ್ದವರ ನಗು ಒಮ್ಮೆಗೇ ನಿಂತಿತು. ಹಿಂದೆ ನೋಡಿದರೆ ಅವಳೇ! ಮೊಟ್ಟೆಯ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಬೈಗುಳಕ್ಕೆ ನಾನು ತಲೆ ಬಗ್ಗಿಸಿದೆ. ಅವಳು ನನ್ನ ಎರಡೂ ಅಂಗೈಗಳನ್ನು ಹಿಡಿದು ಹೆಬ್ಬೆರಳುಗಳನ್ನು ಒತ್ತಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ಒತ್ತುವ ಹಾಗೆ.

‘ದನಿ ಬಂದೈತೆ ಕಣ್ಲಾ. ಕೈ ಬಂದಿಲ್ಲ’ ಎಂದು ಹೇಳಿ ಹೊರಟುಹೋದಳು.

ಐವತ್ತೇಳನೇ ಇಸವಿಯಲ್ಲಿ ಆ ಹೊಸ ಜ್ವರ ಬಂತು. ಡಾಕ್ಟರರು ಫ್ಲೂ ಎಂದರು. ನಮ್ಮ ರೈಲು ಕೂಗುವುದಕ್ಕಿಂತ ಹೆಚ್ಚಾಗಿ ಕೆಮ್ಮುತ್ತಿತ್ತು. ನನಗೆ ಅದು ಸುಗ್ಗಿ. ಸಾಹುಕಾರರ ಕೆಮ್ಮು, ಮೇಷ್ಟರ ಕೆಮ್ಮು, ಹೊಸ ಮದುಮಗ ಮಾವನ ಎದುರು ತಡೆದು ತಡೆದು ಕೆಮ್ಮುವ ಕೆಮ್ಮು, ಎಲ್ಲವನ್ನೂ ಮಾಡಿ ತೋರಿಸಿ ಡಬ್ಬಿಯನ್ನೆಲ್ಲ ನಗಿಸುತ್ತಿದ್ದೆ. ನಕ್ಕವರೆಲ್ಲ ಇನ್ನಷ್ಟು ಕೆಮ್ಮುತ್ತಿದ್ದರು. ಒಂದು ದಿನ ಬಂದ ಕೆಮ್ಮು ನನ್ನದೇ ಎಂದು ತಿಳಿದಾಗ ನಗುವವರು ಯಾರೂ ಉಳಿದಿರಲಿಲ್ಲ. ವಾರ ಮಲಗಿ ಎದ್ದೆ. ಎದ್ದು ಬಾಗಿಲಿಗೆ ಬಂದರೆ ಎದುರು ಜಗಲಿ ಖಾಲಿ.

ಅಜ್ಜಿಗೆ ಜ್ವರ ಎದೆಗೇ ಇಳಿದಿತ್ತು. ನಮ್ಮ ಕಡೆ ಜ್ವರದವರನ್ನು ನೋಡಿಕೊಳ್ಳುವ ಕ್ರಮ ನಿಮಗೆ ಗೊತ್ತೇ ಇದೆ. ಒಳಕೋಣೆ, ಕಂಬಳಿ, ಗಾಳಿ ತಾಕದ ಹಾಗೆ ಕಿಟಕಿಗೆ ಗೋಣಿತಾಟು. ಹಾಲು ಮೊಸರು ಕಫ, ರಾಗಿಮುದ್ದೆ ಭಾರ, ಬಿಸಿಲು ಪಿತ್ತ. ಅಕ್ಕಿಗಂಜಿಯ ತಿಳಿ ಒಂದೇ ಪಥ್ಯ. ಸೊಸೆ ವೆಂಕಟಮ್ಮ ಕಾಮಸಮುದ್ರದ ಕಡೆಯವಳು, ತೆಲುಗು ಕನ್ನಡ ಕಲಸಿ ಮಾತಾಡುವ ಹೆಣ್ಣು. ಅತ್ತೆಯ ಪಥ್ಯವನ್ನು ವ್ರತದ ಹಾಗೆ ನಡೆಸಿದಳು. ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಕೆಮ್ಮು ಇರುವವರೆಗೆ ಪಥ್ಯ, ಪಥ್ಯ ಇರುವವರೆಗೆ ಕತ್ತಲೆ ಕೋಣೆ. ಹೀಗೇ ತಿಂಗಳುಗಳು ಹೋದವು. ಉಸಿರು ಸಿಳ್ಳೆ ಹಾಕುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಚೀಲ ಹಿಡಿದು ಕೂರುತ್ತಿದ್ದ ಒಬ್ಬರನ್ನು ಮಗ ಕರೆತಂದ. ಅವರು ಡಾಕ್ಟರೋ ಕಾಂಪೌಂಡರೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಚಿಕ್ಕ ಬಿಳಿ ಮಾತ್ರೆಗಳನ್ನು ಕೊಟ್ಟರು. ಎಂಥ ಮಾತ್ರೆ! ಸಿಳ್ಳೆ ನಿಂತಿತು. ಮಾತ್ರೆ ನಿಲ್ಲಿಸಿದರೆ ಸಿಳ್ಳೆ ಶುರು. ಮಗ ಆ ಚೀಲದವರನ್ನು ಮತ್ತೆ ಕೇಳುವ ಗೋಜಿಗೆ ಹೋಗದೆ ಅದನ್ನೇ ತಂದು ತಂದು ಕೊಟ್ಟ.

ನಾನು ನೋಡಲು ಹೋದಾಗ ಅಜ್ಜಿಯ ಮುಖ ಹುಣ್ಣಿಮೆಯಾಗಿತ್ತು. ನುಗ್ಗೆಕಾಯಿಯಂತಿದ್ದ ಕೆನ್ನೆಗಳು ಉಬ್ಬಿ ಹೊಳೆಯುತ್ತಿದ್ದವು.

‘ಗಂಜಿ ಕುಡ್ದು ಇಂಗಾದೋಳು ನಾನೊಬ್ಳೇ ಕಣ್ಲಾ’ ಎಂದು ಅವಳು ಹೆಮ್ಮೆಪಟ್ಟಳು. ನಾವೆಲ್ಲ ಮೈ ತುಂಬಿಕೊಂಡಿತು ಎಂದು ಸಂತೋಷಪಟ್ಟೆವು. ವೆಂಕಟಮ್ಮ ಅತ್ತೆಗೆ ದೃಷ್ಟಿ ತೆಗೆದಳು.

ಒಂದು ಬೆಳಿಗ್ಗೆ ಗಂಜಿ ಗಂಟಲಿಗೆ ಸಿಕ್ಕಿ ಅಜ್ಜಿ ಕೆಮ್ಮಿದಳು. ಹಪ್ಪಳ ಮುರಿದಷ್ಟು ಸದ್ದು. ಅವಳು ಉಸಿರು ಹಿಡಿದು ಕೂತಳು. ತನ್ನ ಹೆಬ್ಬೆರಳನ್ನು ತನ್ನ ಪಕ್ಕೆಯ ಮೇಲೇ ಮೆಲ್ಲಗೆ ಆಡಿಸಿದಳು. ಮುಖ ನೋಡಿದರೆ ಯಾರದೋ ಮೈ ಮುಟ್ಟಿ ನೋಡುವ ಹಾಗಿತ್ತು.

‘ಪಕ್ಕೆಮೂಳೆ ಓಗೈತೆ’ ಎಂದಳು. ಆಮೇಲೆ ಆ ಪ್ರಶ್ನೆಯನ್ನು ತನಗೇ ಕೇಳಿಕೊಂಡಳು. ‘ನಾ ಎಲ್ಲಿಂದ ಬಿದ್ದೆ?’

ಬೀಳದೆ ಮೂಳೆ ಮುರಿದದ್ದನ್ನು ಅವಳು ಜನ್ಮದಲ್ಲಿ ಒಪ್ಪಿದವಳಲ್ಲ. ಹಾಗಾದರೆ ಬಿದ್ದಿರಲೇಬೇಕು. ತನಗೆ ನೆನಪಿಲ್ಲ ಎಂದರೆ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದಾಗ ಬಿದ್ದಿರಬೇಕು. ಆಗ ಎತ್ತಿ ಇಳಿಸುತ್ತಿದ್ದವರು ಯಾರು?

‘ನೀನೇ ಬೀಳಿಸ್ದೋಳು’ ಎಂದು ಸೊಸೆಯ ಕಡೆ ತಿರುಗಿದಳು.

‘ಅಯ್ಯೋ ದ್ಯಾವುಡಾ! ನಾನ್ಯಾಕ್ ಬೀಳಿಸ್ಲಿ ಅತ್ತಾ? ಒಂದಿನಾನೂ ಕೈ ಬಿಡ್ಲಿಲ್ಲ.’

‘ಬೀಳಿಸ್ದೆ ಅಂತ ಏಳಿದ್ರೆ ಬೈತಿದ್ದೆ, ಬಿಡ್ತಿದ್ದೆ. ಬಚ್ಚಿಟ್ಯಲ್ಲೇ!’

ಅಜ್ಜಿಗೆ ಆ ಹೊತ್ತು ಯಾರ ಮೇಲೂ ದ್ವೇಷವಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಅವಳಿಗೆ ಬೇಕಾಗಿದ್ದುದು ಬೀಳುವುದಕ್ಕೆ ಒಂದು ಜಾಗ, ಅಷ್ಟೇ. ಆದರೆ ಊರು ಕೇಳಬೇಕಲ್ಲ. ಎಷ್ಟೋ ಮುರಿದ ಮೂಳೆಗಳ ಸುಳ್ಳು ಹಿಡಿದ ಬಾಯಿ ಅದು. ಕಟ್ಟಜ್ಜಿಯೇ ಹೇಳಿದ ಮೇಲೆ ಸೊಸೆ ಬೀಳಿಸಿರಲೇಬೇಕು ಎಂದು ನಲ್ಲಿಯ ಹತ್ತಿರ ತೀರ್ಪಾಯಿತು. ವೆಂಕಟಮ್ಮ ಬಿಂದಿಗೆ ಇಟ್ಟರೆ ಉಳಿದ ಹೆಂಗಸರು ತಮ್ಮ ಬಿಂದಿಗೆಗಳನ್ನು ಸ್ವಲ್ಪ ಸರಿಸಿಕೊಳ್ಳುತ್ತಿದ್ದರು.

ಪಕ್ಕೆಯ ನೋವು ಆರುವ ಮೊದಲೇ ಮಣಿಕಟ್ಟು ಹೋಯಿತು. ಮಲಗಿದಲ್ಲಿಂದ ಏಳಲು ಕೈ ಊರಿದಳು, ಅಷ್ಟೇ. ಈ ಸಲ ಅವಳು ಬಿದ್ದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ, ಹೊಸ ತುಂಡುಬಟ್ಟೆ ಕೊಡಲು ಹೋಗಿ ಬಾಗಿಲಲ್ಲೇ ನಿಂತಿದ್ದೆ. ಅದು ಬಲಗೈ. ಊರನ್ನೆಲ್ಲ ಕಟ್ಟಿದ ಕೈ. ಈಗ ಅದನ್ನು ಕಟ್ಟುವವರು ಯಾರು? ವೆಂಕಟಮ್ಮ ಹಿಟ್ಟು ಕಲಸಿದಳು, ಮೊಟ್ಟೆ ಒಡೆದಳು, ಪಟ್ಟಿ ಸುತ್ತಿದಳು. ಅತ್ತೆ ಹಲ್ಲು ಕಚ್ಚಿ ‘ಬಿಗಿ, ಇನ್ನೂ ಬಿಗಿ, ಬೀಳಿಸೋವಾಗ ಇತ್ತಲ್ಲ ಆ ಬಲ’ ಎನ್ನುತ್ತಿದ್ದಳು. ವೆಂಕಟಮ್ಮನ ಕಣ್ಣೀರು ಹಿಟ್ಟಿನೊಳಗೇ ಬೀಳುತ್ತಿತ್ತು. ಆ ಮಧ್ಯಾಹ್ನವೇ ಅವಳು ತವರಿಗೆ ಹೋಗಲು ಗಂಟು ಕಟ್ಟಿದಳು. ಮಗ ಬಾಗಿಲಿಗೆ ಅಡ್ಡ ಕೂತು, ಗಣಿಗೆ ಇಳಿಯುವ ಆ ದೊಡ್ಡ ಆಳು, ಹೆಂಡತಿಯ ಗಂಟಿನ ಮೇಲೆ ತಲೆ ಇಟ್ಟು ಅತ್ತ.

ಮರುದಿನ ಅಜ್ಜಿಯನ್ನು ಕುರ್ಚಿಯ ಸಮೇತ ರೈಲಿಗೆ ಹತ್ತಿಸಿ ಗಣಿಯ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ ಮುಂದೆ ಮಾತಾಡಲು ಮಗನಿಗೆ ನಾಲಿಗೆ ಏಳದು, ಹತ್ತು ಜನರ ನಾಲಿಗೆ ಇಟ್ಟುಕೊಂಡಿರುವ ನಾನು ಜೊತೆಗೆ. ವಯಸ್ಸಾದ ತಮಿಳು ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

‘ಗಟ್ಟಿ ಮೂಳೆ ಇದ್ರೆ ಇಲ್ಲಿ ಬೆಳ್ಳಗೆ ಇರಬೇಕು. ಇದು ನೋಡು, ಹೊಗೆ ಮಾದಿರಿ ಇದೆ. ಬೆನ್ನುಮೂಳೆನೂ ಕುಸಿಯೋಕೆ ಶುರುವಾಗಿದೆ.’

‘ಅದಿರ್ಲಿ ಸಾಮಿ. ನಾ ಎಲ್ಲಿಂದ ಬಿದ್ದೆ? ಅದೇಳಿ’ ಎಂದಳು ಅಜ್ಜಿ.

‘ನೀವು ಬೀಳಲಿಲ್ಲ, ಪಾಟಿ.’

‘ಬೀಳ್ದೆ ಮುರೀತದಾ?’

‘ಮುರಿಯುತ್ತೆ. ವಯಸ್ಸಿಗೆ ಮೂಳೆ ಮೊದಲೇ ತೆಳ್ಳಗಿತ್ತು. ಜ್ವರ ಬಂದದ್ದು ಎದೆಗೆ, ನಿಜ. ಆದ್ರೆ ಅದರ ಜೊತೆ ಹೊಡೆದಾಡಿ ಮೈಯೆಲ್ಲ ಖರ್ಚಾಗುತ್ತೆ, ಮೂಳೆನೂ ಖರ್ಚಾಗುತ್ತೆ. ಆಮೇಲೆ ತಿಂಗಳುಗಟ್ಟಲೆ ಮಲಗಿದ್ರಿ. ಕೆಲಸ ಇಲ್ಲದ ಮೂಳೆ ಕರಗುತ್ತೆ. ಹಾಲಿಲ್ಲ, ರಾಗಿ ಇಲ್ಲ, ಬಿಸಿಲಿಲ್ಲ.’ ಅವರು ಮಗ ತಂದಿದ್ದ ಬಿಳಿ ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿದರು. ‘ಮೇಲೆ ಇದು. ಉಸಿರಿಗೆ ಒಳ್ಳೇದು, ಮೂಳೆಗೆ ಶತ್ರು. ಮುಖ ಊದಿರೋದೂ ಇದರಿಂದಾನೇ. ಒಂದೇ ಸಲ ನಿಲ್ಲಿಸಬೇಡಿ, ಅದೂ ಅಪಾಯ. ನಾನು ಹೇಳೋ ಹಾಗೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಮುಖ್ಯ ಏನಂದ್ರೆ, ಏಳಬೇಕು. ಬಿಸಿಲಲ್ಲಿ ಕೂರಬೇಕು. ಮೆಲ್ಲಗೆ ನಡೀಬೇಕು. ಮಲಗಿಬಿಟ್ರೆ ಉಳಿದದ್ದೂ ಹೋಗುತ್ತೆ.’

ವೆಂಕಟಮ್ಮ ಗೋಡೆಗೆ ಒರಗಿ ಕುಸಿದು ಕೂತಳು. ‘ನಾನು ಬೀಳಿಸ್ಲಿಲ್ಲ ಅಂತ ಇನ್ನೊಂದ್ಸಲ ಏಳಿ ಸಾರ್’ ಎಂದಳು. ಡಾಕ್ಟರಿಗೆ ಆ ಮಾತು ಅರ್ಥವಾಗಲಿಲ್ಲ. ಆದರೂ ಅವರು ಇನ್ನೊಂದು ಸಲ ಹೇಳಿದರು.

ತಿರುಗಿ ಬರುವಾಗ ರೈಲಿನಲ್ಲಿ ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಹೊಟ್ಟೆ ಹುಣ್ಣಾಗುವಷ್ಟು ನಗಿಸಬಲ್ಲ ಎಲ್ಲ ದನಿಗಳನ್ನೂ ಗಂಟಲಲ್ಲೇ ಇಟ್ಟುಕೊಂಡು ಕೂತಿದ್ದೆ. ಅವಳನ್ನು ನಗಿಸುವ ಹಾಗಿರಲಿಲ್ಲ, ನಕ್ಕರೆ ಪಕ್ಕೆ ಇರಿಯುತ್ತಿತ್ತು. ಅಣಕಿಸುವವನಿಗೆ ಇದಕ್ಕಿಂತ ಕೆಟ್ಟ ಗಿರಾಕಿ ಬೇರೆ ಇಲ್ಲ.

‘ಮುರ್ದೋಳ್ನ ನಡಿ ಅಂತಾನಲ್ಲೋ’ ಎಂದಳು ಕೊನೆಗೆ. ‘ಅಂಗಾದ್ರೆ ನಾ ಇಷ್ಟ್ ವರ್ಷ ಕಟ್ಟಿ ಮಲಗ್ಸಿದ್ದು ಸುಳ್ಳೇನ್ಲಾ? ಕಲ್ಲಾಗು ಅಂದಿದ್ದು ಸುಳ್ಳಾ?’

‘ಅವರಿಗೆ ಅದು ಸರಿ ಅಜ್ಜಿ, ಅವರು ಬಿದ್ದವರು. ನೀನು ಬಿದ್ದಿಲ್ವಲ್ಲ.’

‘ನೀ ಯಾವ್ ದನೀಲಿ ಮಾತಾಡ್ತಿದ್ದೀಯ ಈಗ?’ ಎಂದು ಅವಳು ಕೇಳಿದಳು. ಅದು ನನ್ನ ದನಿಯೇ ಆಗಿತ್ತು. ಅದಕ್ಕೇ ಬೆಲೆ ಬರಲಿಲ್ಲ.

ಮನೆಗೆ ಬಂದವಳೇ ಎದೆಯಿಂದ ಸೊಂಟದವರೆಗೆ ಕಟ್ಟು ಹಾಕಿಸಿಕೊಂಡಳು. ಉದ್ದಿನ ಹಿಟ್ಟು, ಮೊಟ್ಟೆ, ದಬ್ಬೆ, ನಮ್ಮ ಅಂಗಡಿಯ ಹೂವಿನ ಚೀಟಿ. ಗೋಣಿತಾಟು ಮತ್ತೆ ಕಿಟಕಿಗೆ ಬಂತು. ಅವಳು ಕಲ್ಲಾಗಿ ಮಲಗಿದಳು. ಮಾತ್ರೆಯನ್ನು ಡಾಕ್ಟರು ಹೇಳಿದ ಹಾಗೆ ಕಡಿಮೆ ಮಾಡಲು ಒಪ್ಪಿದಳು, ಏಳಲು ಒಪ್ಪಲಿಲ್ಲ. ಮಗ ಕಾಲು ಹಿಡಿದ. ವೆಂಕಟಮ್ಮ ರಾಗಿ ಅಂಬಲಿ ಕಾಯಿಸಿ ತಂದರೆ ‘ಸಾಯಿಸ್ತೀಯೇನೇ’ ಎಂದು ತಳ್ಳಿದಳು. ಬಿಗಿದು ಮಲಗಿದಷ್ಟೂ ಒಳಗೆ ಇನ್ನೊಂದೇನೋ ಸಡಿಲವಾಗುತ್ತಿತ್ತು. ಮಗ್ಗುಲು ಬದಲಿಸಿದರೆ ಬೆನ್ನು ಹಿಡಿಯುತ್ತಿತ್ತು, ಹಿಡಿದಾಗಲೆಲ್ಲ ಅವಳು ಇನ್ನೊಂದು ಸುತ್ತು ಕಟ್ಟಿಸುತ್ತಿದ್ದಳು. ತಾನು ಕಲಿತ ವಿದ್ಯೆಯನ್ನು ಒಂದು ಚೂರೂ ತಪ್ಪಿಲ್ಲದೆ ತನ್ನ ಮೇಲೆ ನಡೆಸುತ್ತಿದ್ದಳು. ಅದನ್ನು ಎದುರುಮನೆಯಿಂದ ನೋಡುತ್ತ ಕೂರುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಆಳು ಮೊದಲೇ ಕುಳ್ಳು. ಈಗ ಚಾಪೆಯ ಮೇಲೆ ಅವಳ ಕಾಲು ಮುಟ್ಟುತ್ತಿದ್ದ ಜಾಗ ದಿನೇ ದಿನೇ ಖಾಲಿಯಾಗುತ್ತ ಬಂತು.

ಒಂದು ಭಾನುವಾರ ಬೆಳಿಗ್ಗೆ ವೆಂಕಟಮ್ಮ ನಮ್ಮ ಮನೆಗೆ ಬಂದು ಹೊಸಿಲಲ್ಲಿ ನಿಂತಳು. ‘ಅಣ್ಣಾ, ಯಾರ್ ಮಾತೂ ಕೇಳಲ್ಲ. ಏನಾನ ಮಾಡು’ ಎಂದಳು. ನನಗೆ ಬರುವುದು ಒಂದೇ. ನಾನು ಹೋಗಿ ಆ ಗೋಣಿತಾಟಿನ ಕಿಟಕಿಯ ಹೊರಗೆ ನಿಂತೆ. ಕಣ್ಣು ಮುಚ್ಚಿ ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಒತ್ತರಿಸುವ ಹಾಗೆ ನಾಲಿಗೆ ಒತ್ತರಿಸಿ, ಬೀದಿಗೆಲ್ಲ ಕೇಳುವಂತೆ ಗುಡುಗಿದೆ.

‘ಎದ್ ನಡೀಯೇ ಮುದ್ಕಿ! ನಿನ್ ಮೂಳೆ ನಿಂದು, ನಂದಲ್ಲ. ನಾನೇನು ಒತ್ಕೊಂಡ್ ತಿರುಗ್ಲಾ?’

ಗೋಣಿತಾಟು ಅಲ್ಲಾಡಲಿಲ್ಲ. ನಲ್ಲಿಯ ಹತ್ತಿರದ ಹೆಂಗಸರು ಬಿಂದಿಗೆ ಬಿಟ್ಟು ತಿರುಗಿ ನೋಡಿದರು. ನಾನು ಮತ್ತೆ ಕೂಗಿದೆ. ಅವಳು ಊರಿಗೆ ಕೊಟ್ಟಿದ್ದ ಬೈಗುಳಗಳನ್ನೆಲ್ಲ ಅವಳಿಗೇ ತಿರುಗಿಸಿ ಕೊಟ್ಟೆ, ಹೆತ್ತವರಿಂದ ಹಿಡಿದು. ಕೊನೆಗೆ ಬೈಗುಳವೂ ಮುಗಿದು, ‘ಏಳೇ, ಏಳೇ’ ಎಂಬುದಷ್ಟೇ ಉಳಿಯಿತು. ಅದು ಅವಳ ದನಿಯೋ ನನ್ನದೋ, ನನಗೆ ಗೊತ್ತಿಲ್ಲ.

ಗೋಣಿತಾಟು ಮೆಲ್ಲಗೆ ಸರಿಯಿತು. ವೆಂಕಟಮ್ಮ ಒಳಗಿನಿಂದ ಹಿಡಿದಿದ್ದಳು. ಬೆಳಕು ಬಿದ್ದ ಆ ಊದಿದ ಮುಖ ಹೊರಳಿಸಿ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಅವಳು ನಗುತ್ತಿದ್ದಳು. ನಗುವಿಗೆ ಪಕ್ಕೆ ಇರಿದು, ಕೈಯಿಂದ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು.

‘ನಗಿಸ್ಬೇಡ ಮುಂಡೇದೇ’ ಎಂದಳು. ಆಮೇಲೆ ಸೊಸೆಗೆ, ‘ಕತ್ರಿ ತಗೊಂಬಾ’ ಎಂದಳು.

ಅಂದು ಕಟ್ಟು ಬಿಚ್ಚಿ ಅವಳನ್ನು ಜಗಲಿಯ ಬಿಸಿಲಿನಲ್ಲಿ ಕೂರಿಸಿದೆವು. ಬೆನ್ನು ಕೊಡೆಯ ಹಿಡಿಯ ಹಾಗೆ ಬಗ್ಗಿಹೋಗಿತ್ತು. ಅಂಬಲಿ ಕುಡಿದಳು. ದಿನವೂ ವೆಂಕಟಮ್ಮನ ಭುಜ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದಳು. ಹೋಗಿಬರುವವರನ್ನೆಲ್ಲ ಕರೆದು, ಅವರು ಕೇಳಲಿ ಬಿಡಲಿ, ಹೇಳಿದಳು: ‘ನನ್ ಸೊಸೆ ಬೀಳಿಸ್ಲಿಲ್ಲ ಕಣಮ್ಮಿ. ನಾ ಬೀಳ್ಲೇ ಇಲ್ಲ. ಜ್ವರ ತಿಂತು. ನಲ್ಲಿ ತಾವ ಏಳು ಓಗು.’ ಸೊಸೆಗೆ ಮಾತ್ರ ನೇರವಾಗಿ ಏನನ್ನೂ ಹೇಳಲಿಲ್ಲ. ವೆಂಕಟಮ್ಮನೂ ಕೇಳಲಿಲ್ಲ. ಅವಳ ಭುಜದ ಮೇಲೆ ಆ ಸೌಟಿನ ಹೆಬ್ಬೆರಳು ಇಡೀ ದಿನ ಇರುತ್ತಿತ್ತು.

ಬೆನ್ನು ಮತ್ತೆ ನೇರವಾದೀತು, ಕೈಗೆ ಬಲ ಬಂದೀತು ಎಂದು ನಾವು ಕಾದೆವು. ಬರಲಿಲ್ಲ. ಮುರಿದವರು ಬರುತ್ತಲೇ ಇದ್ದರು, ಅವಳ ಹೆಬ್ಬೆರಳಿಗೆ ಇನ್ನೂ ಎಲ್ಲ ಗೊತ್ತಾಗುತ್ತಿತ್ತು, ಎಳೆಯಲು ಮಾತ್ರ ಆಗುತ್ತಿರಲಿಲ್ಲ. ಒಂದು ದಿನ ಬೂದಿಕೋಟೆಯ ಕಡೆಯ ಮುದುಕಿಯೊಬ್ಬಳನ್ನು ಮಕ್ಕಳು ಗಾಡಿಯಲ್ಲಿ ಕರೆತಂದರು. ಅಜ್ಜಿ ಅವಳ ಮುಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ನಾನು ಆ ಹಳೆಯ ಪ್ರಶ್ನೆಗೆ ಕಾದೆ.

‘ಎಲ್ಲೂ ಬೀಳ್ಲಿಲ್ಲ ಕಣಕ್ಕ, ಆಣೆಗೂ’ ಎಂದು ಆ ಮುದುಕಿ ತಾನೇ ಮೊದಲು ಅಳತೊಡಗಿದಳು. ‘ಯಾರೂ ನಂಬಲ್ಲ.’

‘ಗೊತ್ತು ಬಿಡು’ ಎಂದಳು ಅಜ್ಜಿ. ‘ಜ್ವರ ಬಂದಿತ್ತಾ?’

ಆ ಚಳಿಗಾಲದಲ್ಲಿ ಕೆಮ್ಮು ಮತ್ತೆ ಬಂತು. ಈ ಸಲ ಬಂದ ಕೆಮ್ಮಿಗೆ ಒದ್ದಾಡುವಷ್ಟು ಜಾಗವೂ ಅವಳ ಮೈಯಲ್ಲಿ ಉಳಿದಿರಲಿಲ್ಲ. ಬಗ್ಗಿದ ಬೆನ್ನು ಎದೆಯನ್ನು ಒತ್ತಿತ್ತು, ಉಸಿರು ಒಳಗೆ ಪೂರ್ತಿ ಇಳಿಯುತ್ತಿರಲಿಲ್ಲ. ಜಗಲಿಯ ಮೇಲೇ, ಬಿಸಿಲಿನಲ್ಲೇ, ಸೊಸೆಗೆ ಒರಗಿಕೊಂಡು ಹೋದಳು.

ಇನ್ನು ಸ್ಟೇಷನ್ನಿನ ತಾಯಿ ಮಗ. ಅಜ್ಜಿ ಇಲ್ಲ, ಸತ್ತುಹೋದಳು ಎಂದೆ. ಗಣಿಯ ಕಡೆಗೇ ತಿರುಗಿ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ಮಗನಿಗೆ ರೇಗಿತು. ‘ಆಸ್ಪತ್ರೇಲಿ ಏನಂತ ಏಳ್ಲಿ? ಎಲ್ಲಿ ಬಿದ್ದಳೋ ಬಾಯೇ ಬಿಡಲ್ಲ. ಬೀಳ್ಲೇ ಇಲ್ಲ ಅಂತಾಳೆ. ಬಿದ್ದ ಮಾತು ಬಚ್ಚಿಡ್ತಾಳೆ ಈ ಮುದ್ಕಿ’ ಎಂದ. ಅವಳು ನೆಲ ನೋಡುತ್ತ ನಿಂತಿದ್ದಳು. ಎಲ್ಲಾದರೂ ಒಂದು ಕಡೆ ಬಿದ್ದಿದ್ದರೆ ಚೆನ್ನಾಗಿತ್ತು ಎಂಬಂತಿತ್ತು ಆ ಮುಖ.

ನಾನು ಬೇಕೆಂದು ಮಾಡಲಿಲ್ಲ. ಬಾಯಿ ತೆರೆದರೆ ಬಂದದ್ದು ಅದೇ ದನಿ.

‘ಗೊತ್ತು ಬಿಡಮ್ಮಿ. ಜ್ವರ ಬಂದಿತ್ತಾ?’

ಮುದುಕಿ ತಲೆಯೆತ್ತಿದಳು. ನನ್ನ ಮೀಸೆ, ನನ್ನ ಷರಟು, ಯಾವುದೂ ಅವಳಿಗೆ ಕಂಡ ಹಾಗಿರಲಿಲ್ಲ. ಹೌದೆಂದು ತಲೆ ಆಡಿಸಿದಳು. ಹುಡುಕಿ ಬಂದ ಮನೆ ಸಿಕ್ಕಿತೆಂಬ ನೆಮ್ಮದಿಯಲ್ಲಿ ಸೆರಗು ಬಿಚ್ಚಿ, ಊದಿಕೊಂಡ ಆ ಕೈಯನ್ನು ಮೆಲ್ಲಗೆ ನನ್ನ ಕಡೆಗೆ ಚಾಚಿದಳು.

ನಾನು ಅಜ್ಜಿ ಒತ್ತಿ ನೋಡಿ ‘ಬಂದಿಲ್ಲ’ ಎಂದಿದ್ದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.